ಹುಲಿಮುಖದ ಮನೆ ಬರೆದದ್ದು

ನೆಟ್ಟಗೆ ಒಂದು ಗೆರೆ ಎಳೆಯುವುದು ಇಷ್ಟು ಕಷ್ಟದ ಕೆಲಸ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಅವ್ವನ ಮಾತು ಕೇಳಿ ಹೊಲಿಗೆ ಕ್ಲಾಸಿಗೆ ಸೇರಿಕೊಂಡು ಸುಮ್ಮನಿರುತ್ತಿದ್ದೆ. ಯಾರೂ ಹೇಳಲಿಲ್ಲ. ಆಗಷ್ಟೇ ಪಿಯುಸಿ ಮುಗಿಸಿದ್ದ ನನಗೆ ಚಿತ್ರ ಬರೆಯುವ ಹುಚ್ಚು ಹತ್ತಿತ್ತು. ದಾವಣಗೆರೆಯಲ್ಲೇ ಚಿತ್ರಕಲೆ ಕಲಿಸುವ ಕಾಲೇಜಿತ್ತು, ಅಲ್ಲಿಗೆ ಸೇರಬೇಕು ಎಂಬುದೊಂದೇ ಹಟ. ಅದಕ್ಕೆ ಅಪ್ಪಾಜಿ ಒಪ್ಪಬೇಕಿತ್ತು. ಕೇಳಿದರೆ ಅವರು "ನೋಡಾಣ" ಎಂದರು. ನಮ್ಮ ಮನೆಯಲ್ಲಿ "ನೋಡಾಣ" ಎಂದರೆ ಆಗುವುದಿಲ್ಲ ಎಂದರ್ಥ, ಅತ್ತು ರಂಪ ಮಾಡಬೇಡ ಎಂದೂ ಅರ್ಥ.

ನಾನು ಅತ್ತು ರಂಪ ಮಾಡಿದೆ. ಕೊನೆಗೆ ಅಪ್ಪಾಜಿ ಒಂದು ದಾರಿ ಹುಡುಕಿದರು. ಈ ವರ್ಷ ಬಿ.ಎ.ಗೆ ಹೋಗಬೇಕು, ಭಾನುವಾರ ಭಾನುವಾರ ಹರಿಹರಕ್ಕೆ ಹೋಗಿ ಒಬ್ಬ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಕಲಿಯಬೇಕು, ಕೈ ಕುದುರಿದರೆ ಬರುವ ವರ್ಷ ಆಮೇಲೆ ನೋಡಾಣ. ಆ ಮೇಷ್ಟ್ರು ಹೈಸ್ಕೂಲಿನಿಂದ ನಿವೃತ್ತರಾದವರು, ಹರಿಹರದಲ್ಲಿ ಹೊಳೆಯ ಹತ್ತಿರ ಅವರ ಮನೆ. ಚೌಕಿಪೇಟೆಯಲ್ಲಿದ್ದ ನಮ್ಮ ಪಾತ್ರೆ ಅಂಗಡಿಗೆ ಅವರ ಮನೆಯವರೆಲ್ಲ ಹಳೆಯ ಗಿರಾಕಿಗಳು. ಮೂರು ಹೆಣ್ಣುಮಕ್ಕಳ ಮದುವೆಗೂ ಪಾತ್ರೆ ನಮ್ಮಲ್ಲೇ ಕೊಂಡಿದ್ದರು. ಅಷ್ಟು ಕೊಂಡವರು ಒಳ್ಳೆಯವರೇ ಇರಬೇಕು ಎಂದು ಅಪ್ಪಾಜಿಯ ಲೆಕ್ಕ.

ಮೊದಲ ಭಾನುವಾರ ನಾನು ನನ್ನ ಡ್ರಾಯಿಂಗ್ ಪುಸ್ತಕ ಹೊತ್ತುಕೊಂಡು ಹೋದೆ. ನವಿಲು, ವೀಣೆ, ಸೂರ್ಯ ಮುಳುಗುವ ಬೆಟ್ಟ, ತೆಂಗಿನಮರ, ಎಲ್ಲ ಇತ್ತು. ಮೇಷ್ಟ್ರು ಹಾಳೆಗಳನ್ನು ತಿರುವಿ ಹಾಕಿದರು, ಕನ್ನಡಕ ಹಣೆಗೇರಿಸಿ ಒಂದು ನವಿಲನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಅರೆ, ಇದೇನಮ್ಮ, ನವಿಲಿಗೆ ಮೈ ತುಂಬ ಕೂದಲು?"

ಕೂದಲಲ್ಲ, ಅದು ನನ್ನ ಗೆರೆ. ಒಂದು ಗೆರೆ ಎಳೆಯಲು ಧೈರ್ಯ ಸಾಲದೆ ನಾನು ಚಿಕ್ಕ ಚಿಕ್ಕದಾಗಿ ಗೀಚಿ ಗೀಚಿ ಮುಂದೆ ಹೋಗುತ್ತಿದ್ದೆ. ಒಂದು ತುಂಡು ಎಳೆಯುವುದು, ನಿಲ್ಲುವುದು, ಸರಿಯಿದೆಯೋ ಇಲ್ಲವೋ ನೋಡುವುದು, ಅದರ ಮೇಲೆ ಇನ್ನೊಂದು ತುಂಡು. ದೂರದಿಂದ ಗೆರೆ, ಹತ್ತಿರದಿಂದ ಕಂಬಳಿಹುಳ.

ಮೇಷ್ಟ್ರು ಪುಸ್ತಕ ಮುಚ್ಚಿಟ್ಟರು. ನನ್ನ ಪೆಟ್ಟಿಗೆಯಿಂದ ರಬ್ಬರು ಎತ್ತಿಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. ಸ್ಕೇಲನ್ನು ಕಪಾಟಿನ ಮೇಲಿಟ್ಟರು. ಒಂದು ಹಳೆಯ ಪೇಪರಿನ ಮೇಲೆ ಈ ಕಡೆಗೊಂದು ಆ ಕಡೆಗೊಂದು ಚುಕ್ಕಿ ಹಾಕಿ, "ಇಲ್ಲಿಂದ ಅಲ್ಲಿಗೆ ಸೀದಾ ಹೋಗು. ಮೊದಲು ಗಾಳಿಯಾಗೆ ಎರಡು ಸಲ ಕೈ ಆಡಿಸು. ಆಮೇಲೆ ಎಳಿ. ಪೆನ್ಸಿಲ್ ನೋಡಬ್ಯಾಡ, ಹೋಗೋ ಚುಕ್ಕಿ ನೋಡು. ಮೊಣಕೈ ಮೇಜಿಗೆ ಊರಬ್ಯಾಡ, ಭುಜದಿಂದ ಬರಬೇಕು," ಎಂದರು.

ಇಷ್ಟೇನಾ ಎಂದುಕೊಂಡೆ. ಎಳೆದೆ. ಗೆರೆ ನಡುವೆ ಹೊಟ್ಟೆ ಬಿಟ್ಟುಕೊಂಡು, ಚುಕ್ಕಿಯನ್ನು ತಪ್ಪಿಸಿ, ಪೇಪರಿನ ಅಂಚು ದಾಟಿ ಮೇಜಿನ ಮೇಲೆ ಹೋಯಿತು. ಮೇಷ್ಟ್ರು ಇನ್ನೆರಡು ಚುಕ್ಕಿ ಹಾಕಿದರು. ಮತ್ತೆ ಎಳೆದೆ. ಮತ್ತೆರಡು ಚುಕ್ಕಿ. ಅವತ್ತು ಇಡೀ ಬೆಳಿಗ್ಗೆ ಅದೇ. ಮೇಜು ಅಲ್ಲಾಡುತ್ತದೆ ಸರ್ ಎಂದೆ. ಒಳಗಿನಿಂದ ಚಹಾ ತಂದ ಅವರ ಹೆಂಡತಿಯ ಮುಂದೆಯೇ, "ಕುಣಿಯಾಕ ಬಾರದೋಳು ನೆಲ ಡೊಂಕು ಅಂದ್ಲಂತೆ," ಎಂದು ನಕ್ಕರು. ನನಗೆ ಕಿವಿ ಬಿಸಿಯಾಯಿತು.

ಇನ್ನೊಂದು ಹೊಟ್ಟೆಯುರಿ ಏನೆಂದರೆ, ನನ್ನ ಕೈಯೇನು ನಡುಗುವ ಕೈಯಲ್ಲ. ದಿನಾ ಬೆಳಿಗ್ಗೆ ನಮ್ಮ ಬಾಗಿಲಿಗೆ ರಂಗೋಲಿ ಹಾಕುವವಳು ನಾನೇ. ಬೀದಿಯ ಹೆಂಗಸರು ನಿಂತು ನೋಡುವ ಹಾಗೆ ಒಂದೇ ಎಳೆಯಲ್ಲಿ ಎಳೆಯುತ್ತಿದ್ದೆ. ಅದನ್ನು ಮೇಷ್ಟ್ರಿಗೆ ಹೇಳಿದರೆ, "ಮತ್ತೆ ಆ ಕೈ ಮನೇಲಿ ಬಿಟ್ಟು ಇದ್ಯಾವ ಕೈ ತಂದೀಯ?" ಎಂದರು. ಎಷ್ಟೋ ದಿನ ಯೋಚಿಸಿದೆ. ರಂಗೋಲಿ ತಪ್ಪಿದರೆ ಕಾಲಲ್ಲಿ ಒರೆಸಿದರಾಯಿತು, ಹೇಗೂ ಮಧ್ಯಾಹ್ನದೊಳಗೆ ಸೈಕಲ್ಲು, ದನ, ಹಾಲಿನವನು ಎಲ್ಲ ಸೇರಿ ಅಳಿಸುತ್ತಾರೆ. ಕಾಗದದ ಮೇಲಿನ ತಪ್ಪು ಹಾಗೇ ಕೂತು ನಮ್ಮ ಮುಖವನ್ನೇ ನೋಡುತ್ತಿರುತ್ತದೆ. ಅದರ ಹೆದರಿಕೆಗೇ ಕೈ ನಡುಗುತ್ತಿತ್ತು.

ಮನೆಯಲ್ಲೂ ಅಭ್ಯಾಸ ಮಾಡಬೇಕಲ್ಲ. ಪಾತ್ರೆ ಸುತ್ತಿಕೊಡಲು ಅಂಗಡಿಯಲ್ಲಿ ಹಳೆಯ ಪೇಪರಿನ ರಾಶಿಯೇ ಇರುತ್ತಿತ್ತು. ಅದನ್ನು ತಂದು ಗೆರೆ ಎಳೆದು ಎಳೆದು ವಾಪಸು ಇಡುತ್ತಿದ್ದೆ. ಒಂದು ದಿನ ಒಬ್ಬ ಗಿರಾಕಿ ಬಂದು, "ಏನ್ರಿ ಸಾವ್ಕಾರ್ರೆ, ಪೇಪರ್ ಓದಿಕೊಂತ ಕುಂತ್ರೆ ಅಕ್ಷರದ ಮೇಲೆಲ್ಲ ಗೀಟು," ಎಂದನಂತೆ. ಪಾತ್ರೆ ಸುತ್ತಿಕೊಟ್ಟ ಪೇಪರು ಓದುವವರಿಗೂ ನನ್ನಿಂದ ತೊಂದರೆ! ಅಪ್ಪಾಜಿ ಬಂದು, "ವರ್ಷೆಲ್ಲ ಗೀಟೇ ಹೊಡೀತೀಯೋ, ಚಿತ್ರ ಯಾವಾಗ ಬರೀತೀಯ?" ಎಂದು ಕೇಳಿದರು. ನಾನೂ ಅದನ್ನೇ ಮೇಷ್ಟ್ರನ್ನು ಕೇಳಬೇಕೆಂದಿದ್ದೆ, ಧೈರ್ಯವಾಗಿರಲಿಲ್ಲ.

ಹಾಗೂ ಹೀಗೂ ಮೇಷ್ಟ್ರು ಗೆರೆಯಿಂದ ಮುಂದಕ್ಕೆ ಬಂದರು. ಒಂದು ಭಾನುವಾರ ನನ್ನನ್ನು ಹೊಳೆಯ ಸೇತುವೆಯ ಈಚೆ ತುದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಎರಡೂ ಕಡೆಯ ತಡೆಗೋಡೆ ನೋಡು ಎಂದರು. ನೋಡಿದೆ. ಕಾಲ ಹತ್ತಿರ ಇಷ್ಟು ಅಗಲ ಇರುವ ರಸ್ತೆ ದೂರ ಹೋದಂತೆ ಇಕ್ಕಟ್ಟಾಗಿ, ಎರಡು ಗೋಡೆಗಳೂ ಒಂದೇ ಚುಕ್ಕಿಗೆ ಹೋಗಿ ಸೇರುವಂತೆ ಕಾಣುತ್ತಿತ್ತು. ಎದುರಿನಿಂದ ಬರುವ ಲಾರಿ ಮೊದಲು ಬೆಂಕಿಪೆಟ್ಟಿಗೆಯಷ್ಟಿತ್ತು. "ಇದೇ ಪರ್ಸ್ಪೆಕ್ಟಿವ್. ಇರೋದು ಬ್ಯಾರೆ, ಕಾಣೋದು ಬ್ಯಾರೆ. ನೀನು ಬರೀಬೇಕಾದ್ದು ಕಾಣೋದನ್ನ," ಎಂದರು. ನನಗೆ ಅದು ತಕ್ಷಣ ಹೊಳೆಯಿತು. ಗೆರೆ ಬಾರದಿದ್ದರೂ ಇದು ಬಂತು. ಅವತ್ತು ಬಸ್ಸಿನಲ್ಲಿ ದಾವಣಗೆರೆಯವರೆಗೂ ಕಿಟಕಿಯಿಂದ ವಿದ್ಯುತ್ ಕಂಬಗಳು ಚಿಕ್ಕದಾಗುತ್ತ ಹೋಗುವುದನ್ನು ನೋಡುತ್ತ ಬಂದೆ, ಹುಚ್ಚಿಯ ಹಾಗೆ ನಗುತ್ತ.

ಆ ನಗು ಮನೆಯವರೆಗೆ ಮಾತ್ರ. ವಾರವೆಲ್ಲ ಕೂತು ಅಂಗಡಿಯ ಒಂದು ಹಿತ್ತಾಳೆ ಕೊಳಗ ಬರೆದು ಅಪ್ಪಾಜಿಗೆ ತೋರಿಸಿದೆ.

"ಇದ್ರ ಬಾಯಿ ಯಾಕ ನೆಗ್ಗೈತೆ?"

"ನೆಗ್ಗಿಲ್ಲ ಅಪ್ಪಾಜಿ. ಪಕ್ಕದಿಂದ ನೋಡಿದ್ರೆ ಹಂಗೆ ಚಪ್ಪಟೆ ಕಾಣ್ತೈತೆ."

ಅಪ್ಪಾಜಿ ಆ ಕೊಳಗವನ್ನೇ ತಂದು, ಬಾಯನ್ನು ನನ್ನ ಮುಖಕ್ಕೆ ಹಿಡಿದರು. "ಗುಂಡಗೈತೋ ಇಲ್ಲೋ?"

"ಐತೆ."

"ಮತ್ತೆ ಗುಂಡಗೆ ಬರಿ. ನೆಗ್ಗಿದ ಕೊಳಗ ಯಾರು ತಗಂತಾರೆ?"

ಹಣೆ ಚಚ್ಚಿಕೊಂಡೆ. ಕೊಳಗ ಮಾರುವ ಚಿತ್ರವಲ್ಲ ಇದು ಎಂದರೆ, ಮಾರದ ಕೊಳಗ ಬರೆದು ಏನುಪಯೋಗ ಎಂದರು. ಅವರು ಚಿತ್ರ ನೋಡುವುದೇ ಇಲ್ಲ, ಚಿತ್ರದೊಳಗಿನ ಸಾಮಾನು ನೋಡುತ್ತಾರೆ. ಅವ್ವ ಮಾತ್ರ ಒಳಗಿನಿಂದ, "ಚೆನ್ನಾಗೈತೆ ಬಿಡ್ರಿ," ಎಂದಳು, ನೋಡದೆಯೇ.

ಆ ಹೊತ್ತಿಗೆ ಶಾಮನೂರಿನ ಹತ್ತಿರದ ಹೊಸ ಬಡಾವಣೆಯಲ್ಲಿ ನಮ್ಮ ಮನೆ ಏಳುತ್ತಿತ್ತು. ಪೇಟೆಯ ಇಕ್ಕಟ್ಟು ಮನೆಯಲ್ಲಿ ಜೀವನ ಸವೆಸಿದ ಅಪ್ಪಾಜಿಗೆ ಅದೊಂದು ದೊಡ್ಡ ಕನಸು. ಗೃಹಪ್ರವೇಶದ ದಿನ ಗೊತ್ತಾದ ಮೇಲೆ ಒಂದು ಸಂಜೆ ಊಟಕ್ಕೆ ಕೂತವರು ಇದ್ದಕ್ಕಿದ್ದ ಹಾಗೆ, "ಆಮಂತ್ರಣ ಪತ್ರಿಕೆ ಮೇಲೆ ನಮ್ಮ ಮನೆ ಚಿತ್ರ ನೀನೇ ಬರಿ. ಬೀಗರು ಬಿಜ್ಜರೆಲ್ಲ ನೋಡ್ಲಿ. ಚೆನ್ನಾಗಿ ಬಂದ್ರೆ ಕಾಲೇಜಿಗೆ ಸೇರಿಸ್ತೀನಿ. ಮಾತು ಮಾತೇ," ಎಂದರು. "ನೋಡಾಣ" ಅಲ್ಲ, ಸೇರಿಸ್ತೀನಿ!

ಎದುರು ಮನೆಯವರನ್ನು ಕೇಳಿ ಅವರ ತಾರಸಿಯ ಮೇಲೆ ಕೂತು ಬರೆಯಲು ಶುರು ಮಾಡಿದೆ. ಮೇಲಿನಿಂದ ನೋಡಿದರೆ ನಮ್ಮ ಇಡೀ ನಿವೇಶನ ಕಾಣುತ್ತಿತ್ತು: ಮುಂದೆ ಗೇಟು, ನಡುವೆ ಮನೆ, ಎರಡೂ ಪಕ್ಕದಲ್ಲಿ ಕಾಂಪೌಂಡ್ ಗೋಡೆ, ಹಿಂದೆ ಹಿತ್ತಲ ಗೋಡೆ. ಚುಕ್ಕಿ ಗುರುತಿಸಿಕೊಂಡೆ. ಪಕ್ಕದ ಎರಡು ಗೋಡೆಗಳನ್ನೂ ಆ ಚುಕ್ಕಿಯ ಕಡೆಗೆ ಎಳೆದೆ. ಹಿಂದಕ್ಕೆ ಹೋದಂತೆ ಅವು ಹತ್ತಿರವಾದವು, ಹಿತ್ತಲ ಗೋಡೆ ಕಿರಿದಾಯಿತು, ನಿವೇಶನ ಕಾಗದದ ಮೇಲೆ ಮಲಗಿತು. ಎಷ್ಟು ಹಾಳೆ ಹಾಳಾದವೋ ದೇವರೇ ಬಲ್ಲ. ಗೆರೆಗಳು ಆಗಲೂ ನಡುಗುತ್ತಿದ್ದವು, ಸುಳ್ಳು ಹೇಳಲಾರೆ. ಆದರೆ ನೋಡಿದರೆ ಆ ಮನೆಯೊಳಗೆ ನಡೆದುಕೊಂಡು ಹೋಗಬಹುದು ಎನ್ನಿಸುತ್ತಿತ್ತು. ಮೇಷ್ಟ್ರಿಗೆ ತೋರಿಸಿದರೆ, "ಗೀಟು ಇನ್ನೂ ಹೆದರತಾವೆ. ಮನೆ ಮಾತ್ರ ನಿಂತೈತೆ," ಎಂದರು. ಅವರ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

ಅಪ್ಪಾಜಿಗೂ ಹಿಡಿಸಿತು. ಕಿಟಕಿಗಳನ್ನು ಎಣಿಸಿದರು, ಸರಿಯಿದ್ದವು. ಪ್ರೆಸ್ಸಿಗೆ ಕೊಡುವ ಮುಂಚೆ ಒಂದು ಸಲ ಅಕ್ಕನಿಗೂ ತೋರಿಸಿಬಿಡೋಣ ಎಂದರು. ಅಕ್ಕ ಎಂದರೆ ನನ್ನ ಸೋದರತ್ತೆ, ಕಡರನಾಯಕನಹಳ್ಳಿಯವಳು. ಅಪ್ಪಾಜಿಯನ್ನು ಎತ್ತಿ ಆಡಿಸಿದವಳು. ಅವಳನ್ನು ಕೇಳದೆ ನಮ್ಮ ಮನೆಯಲ್ಲಿ ಒಂದು ಮೊಳೆಯನ್ನೂ ಹೊಡೆಯುತ್ತಿರಲಿಲ್ಲ. ನಿವೇಶನ ಆರಿಸಿದ್ದೂ ಅವಳೇ, ಬಾಗಿಲು ಯಾವ ಕಡೆ ಎಂದು ಹೇಳಿದ್ದೂ ಅವಳೇ.

ಅತ್ತೆ ಬಂದಳು. ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡು ಕೂತಳು. ಚಿತ್ರವನ್ನು ಕೈಯಲ್ಲಿ ಹಿಡಿದು ದೂರ ಮಾಡಿದಳು, ಹತ್ತಿರ ಮಾಡಿದಳು. ಮುಖ ಕಪ್ಪಿಟ್ಟಿತು.

"ಅಯ್ಯೋ ಶಿವನೇ! ಇದೇನೋ ತಮ್ಮ, ಹುಲಿಮುಖ ಮಾಡಿಬಿಟ್ಟೀಯಲ್ಲೋ!"

ಗೊತ್ತಿಲ್ಲದವರಿಗೆ ಹೇಳಬೇಕು. ಮುಂದೆ ಕಿರಿದು, ಹಿಂದೆ ಅಗಲ ಇದ್ದರೆ ಅದು ಗೋಮುಖದ ನಿವೇಶನ, ಆಕಳ ಮುಖದ ಹಾಗೆ, ಸಂಸಾರಕ್ಕೆ ಒಳ್ಳೆಯದು. ಮುಂದೆ ಅಗಲವಾಗಿ ಹಿಂದೆ ಕಿರಿದಾದರೆ ಹುಲಿಮುಖ. ಅಂಗಡಿಗಾದರೆ ನಡೆಯುತ್ತದೆ, ಮನೆಗೆ ಆಗದು. ಹೊಕ್ಕವರನ್ನು ನುಂಗುತ್ತದೆ ಎಂದು ನಂಬಿಕೆ. ನಮ್ಮದು ಎರಡೂ ಅಲ್ಲ, ಮುಂದೆ ಹಿಂದೆ ಒಂದೇ ಅಳತೆಯ ಸಾದಾ ನಿವೇಶನ. ಆದರೆ ಪರ್ಸ್ಪೆಕ್ಟಿವ್ ಪ್ರಕಾರ ಬರೆದರೆ ಪ್ರಪಂಚದ ಯಾವ ಮನೆಯಾದರೂ ಹಿಂದೆ ಕಿರಿದಾಗಿಯೇ ಕಾಣುತ್ತದೆ. ಅಂದರೆ ಅತ್ತೆಯ ಲೆಕ್ಕದಲ್ಲಿ ಪರ್ಸ್ಪೆಕ್ಟಿವ್ ಎಂಬುದೇ ಹುಲಿಮುಖ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅತ್ತೆ, ದೂರದ್ದು ಸಣ್ಣ ಕಾಣ್ತೈತೆ, ಅದಕ್ಕೆ ಹಂಗೆ ಬರ್ದೀನಿ."

"ದೂರದ್ದು ಯಾಕ ಸಣ್ಣ ಕಾಣ್ತೈತೆ? ನಿನ್ನ ಕಣ್ಣು ಡಾಕ್ಟ್ರಿಗೆ ತೋರ್ಸು."

"ಹರಿಹರದ ಸೇತುವೆ ಮೇಲೆ ನಿಂತು ನೋಡು, ರಸ್ತೆ ಹಂಗೇ ಕಾಣ್ತೈತೆ."

"ಸೇತುವೆಯಾಗೆ ನಾವು ಸಂಸಾರ ಮಾಡ್ತೀವೇನೇ?"

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅಪ್ಪಾಜಿಯ ಕಡೆ ನೋಡಿದೆ. ಅವರು ಆಗಲೇ ಚಿತ್ರವನ್ನು ಅತ್ತೆಯ ಕಣ್ಣಿಂದ ನೋಡತೊಡಗಿದ್ದರು. ಎತ್ತು ಈದಿದೆ ಎಂದು ಅಕ್ಕ ಹೇಳಿದರೆ ಕೊಟ್ಟಿಗೆಗೆ ಕಟ್ಟಿ ಬರುವ ಮನುಷ್ಯ. "ಹೌದಲ್ಲ, ಹಿಂದೆ ಸಣ್ಣಾಗೈತೆ," ಎಂದು ಗೊಣಗಿದರು. ನನ್ನ ಕಾಲೇಜು ನನ್ನ ಕಣ್ಣೆದುರೇ ಕೈಬಿಟ್ಟು ಹೋಗುತ್ತಿತ್ತು.

ನನಗೆ ಒಂದು ಉಪಾಯ ಹೊಳೆಯಿತು, ಮೇಷ್ಟ್ರು ಒಮ್ಮೆ ಹೇಳಿಕೊಟ್ಟಿದ್ದು. ಗೋಡೆಯ ಮೇಲಿದ್ದ ಒಂದು ಪಟದ ಗಾಜು ಬಿಚ್ಚಿಕೊಂಡೆ. ಅತ್ತೆಯನ್ನು, ಅಪ್ಪಾಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೊಸ ಮನೆಗೆ ಹೋದೆ. ಮೊಣಕಾಲು ನೋವು ಎನ್ನುತ್ತ ಅತ್ತೆ ಎದುರು ಮನೆಯ ತಾರಸಿ ಹತ್ತಿದಳು. ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಅವಳ ಮುಂದೆ ಗಾಜು ನೆಟ್ಟಗೆ ಹಿಡಿದು ನಿಂತೆ.

"ಅತ್ತೆ, ಒಂದು ಕಣ್ಣು ಮುಚ್ಚು. ತಲೆ ಅಲ್ಲಾಡಿಸಬ್ಯಾಡ. ಗಾಜಿನ ಆಚೆ ನಮ್ಮ ಕಾಂಪೌಂಡು ಎಲ್ಲಿ ಕಾಣ್ತೈತೋ ಅದರ ಮೇಲೇ ಬೆರಳಾಡಿಸು. ನಾನು ಏನೂ ಮಾಡಲ್ಲ, ಎಲ್ಲ ನಿಂದೇ."

ಅತ್ತೆಯ ಸಂಚಿಯಲ್ಲಿ ವಿಭೂತಿ ಗಟ್ಟಿ ಸದಾ ಇರುತ್ತಿತ್ತು. ಅದನ್ನು ನೀರಲ್ಲಿ ತೇದು ಬೆರಳಿಗೆ ಹಚ್ಚಿಕೊಂಡಳು. ಮುಂದಿನ ಗೋಡೆ ಎಳೆದಳು, ಪಕ್ಕದ್ದು ಎಳೆದಳು, ಇನ್ನೊಂದು ಪಕ್ಕದ್ದು, ಕೊನೆಗೆ ಹಿತ್ತಲದ್ದು. ಇಡೀ ವರ್ಷ ನನಗೆ ಬಾರದಿದ್ದ ಗೆರೆ ಆ ಮುದುಕಿಯ ಬೆರಳಲ್ಲಿ ಎಷ್ಟು ಸಲೀಸಾಗಿ ಬಂತು ಎಂದರೆ ನನಗೆ ಅಲ್ಲೂ ಹೊಟ್ಟೆ ಉರಿಯಿತು. ಗಾಜನ್ನು ಬಿಳಿ ಗೋಡೆಯಿಂದ ದೂರ, ನೆರಳಿಗೆ ಒಯ್ದು ತೋರಿಸಿದೆ. ಸ್ಪಷ್ಟವಾಗಿ, ಬೆಳ್ಳಗೆ, ಹಿಂದಕ್ಕೆ ಹೋದಂತೆ ಕಿರಿದಾದ ನಿವೇಶನ.

"ನೋಡಿದ್ಯಾ? ನಾನಲ್ಲ, ನೀನೇ ಬರ್ದಿದ್ದು!" ಎಂದೆ, ಗೆದ್ದವಳ ಹಾಗೆ.

ಅತ್ತೆ ಗಾಜನ್ನೇ ನೋಡುತ್ತ ಕೂತಳು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಶಿವ ಶಿವಾ. ವಿಭೂತಿಯಾಗೆ ಬರೆದ್ರೂ ಹಂಗೇ ಬಂತಲ್ಲೋ ತಮ್ಮ. ವಿಭೂತಿ ಸುಳ್ಳು ಹೇಳತೈತಾ? ಮನೆ ಹುಲಿಮುಖನೇ!"

ಆ ತಾರಸಿಯಿಂದ ಹಾರಿಕೊಂಡು ಬಿಡಲೇ ಎನ್ನಿಸಿತು. ಚಿತ್ರ ತಪ್ಪು ಎನ್ನುತ್ತಿದ್ದವಳು ಈಗ ಮನೆಯೇ ತಪ್ಪು ಎನ್ನುತ್ತಿದ್ದಾಳೆ! ಅಪ್ಪಾಜಿಯ ಮುಖದಲ್ಲಿ ರಕ್ತವಿರಲಿಲ್ಲ. ನಿವೇಶನ ಮಾರಿದವನನ್ನು ಬಾಯಿಗೆ ಬಂದಂತೆ ಬೈಯುತ್ತ ಕೆಳಗೋಡಿದರು. ಗಾರೆಯವರ ಹತ್ತಿರ ಟೇಪು ಇಸಿದುಕೊಂಡು ತಾವೇ ಅಳೆದರು. ಒಂದು ತುದಿ ನನ್ನ ಕೈಯಲ್ಲಿ, ಒಂದು ಅವರ ಕೈಯಲ್ಲಿ. ಮುಂದೆ ಮೂವತ್ತಡಿ. ಹಿಂದೆಯೂ ಮೂವತ್ತಡಿ, ಒಂದಿಂಚೂ ಹೆಚ್ಚುಕಡಿಮೆ ಇಲ್ಲ. ಅಪ್ಪಾಜಿ ಹಿತ್ತಲ ಕಟ್ಟೆಯ ಮೇಲೆ ಕುಸಿದು ಕೂತು ಹಣೆ ಒರೆಸಿಕೊಂಡರು. ಅತ್ತೆಗೂ ಉಸಿರು ಬಂತು. ಸದ್ಯ ಬದುಕಿದೆವು ಎಂದು ನಾನೂ ಕೂತೆ.

ಅಪ್ಪಾಜಿ ಟೇಪು ಸುತ್ತುತ್ತ, "ಮನೆ ಸರಿ ಐತೆ. ಅಲ್ಲಿಗೆ ನಿನ್ನ ಚಿತ್ರನೇ ತಪ್ಪು ಅಂತಾತು," ಎಂದರು.

ಟೇಪು ಅವರ ಪಕ್ಷದಲ್ಲಿತ್ತು. ಮೂವತ್ತಕ್ಕೆ ಮೂವತ್ತು ಇರುವ ಗೋಡೆಯನ್ನು ನಾನು ಕಿರಿದು ಮಾಡಿದ್ದೇನೆ, ಅದು ನಿಜವೇ. ಇರುವುದು ಬೇರೆ, ಕಾಣುವುದು ಬೇರೆ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಗಾರೆಯವರು ಕೆಲಸ ಬಿಟ್ಟು ನೋಡಿದರು. "ಇರೋದು ಬಿಟ್ಟು ಕಾಣೋದನ್ನ ಪತ್ರಿಕೆಯಾಗೆ ಹಾಕ್ಸಿದ್ರೆ ನೋಡಿದೋರು ಏನಂತಾರೆ? ಸಾವ್ಕಾರ ಹುಲಿಮುಖದ ಮನೆ ಕಟ್ಟಿಸ್ಯಾನೆ ಅಂತಾರೆ. ಹಿಂದಿನ ಗೋಡೆ ಅಗಲ ಮಾಡು. ಮುಂದಿನಕಿಂತ ಒಂಚೂರು ಹೆಚ್ಚೇ ಇರ್ಲಿ, ಗೋಮುಖ ಆಗ್ಲಿ. ಇಲ್ಲಾಂದ್ರೆ ಪ್ರೆಸ್ಸಿನೋರ ಹತ್ರ ಕಳಸದ ಚಿತ್ರದ ಬ್ಲಾಕ್ ಐತೆ, ಅದನ್ನೇ ಹಾಕ್ಸ್ತೀನಿ. ಕಾಲೇಜಿನ ಮಾತೂ ಬ್ಯಾಡ," ಎಂದರು.

ಮನೆಗೆ ಬಂದು ಚಿತ್ರವನ್ನು ಮುಂದಿಟ್ಟುಕೊಂಡು ಕೂತೆ. ಹಿಂದಕ್ಕೆ ಹೋದಂತೆ ಅಗಲವಾಗುವ ಗೋಡೆ! ಹಾಗೆ ಬರೆದರೆ ಇಡೀ ಮನೆ ಹಿಂದಿನಿಂದ ಯಾರೋ ಎತ್ತಿ ಹಿಡಿದ ಮೊರದ ಹಾಗೆ ಕಾಣುತ್ತದೆ. ಅಷ್ಟೂ ಭಾನುವಾರಗಳು, ಅಷ್ಟೂ ಬಸ್ಸುಗಳು, ಅಷ್ಟೂ ಪೇಪರುಗಳು ಇದಕ್ಕಾ? ಬರೆಯದಿದ್ದರೆ ಕಾಲೇಜಿಲ್ಲ. ಬರೆದರೆ ಕಾಲೇಜಿಗೆ ಹೋಗುವ ಯೋಗ್ಯತೆಯೇ ಇಲ್ಲ. ಅತ್ತೆ ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಬರಿಯೇ ಹುಡುಗಿ, ಹೊತ್ತಾತು," ಎನ್ನುತ್ತಿದ್ದಳು. ಅಪ್ಪಾಜಿ ಚಪ್ಪಲಿ ಮೆಟ್ಟಿಕೊಂಡು ಪ್ರೆಸ್ಸಿಗೆ ಹೋಗಲು ಬಾಗಿಲಲ್ಲೇ ನಿಂತಿದ್ದರು.

ಹೊಸ ಹಾಳೆ ತೆಗೆದೆ. ಮನೆಯನ್ನು ನಕಲು ಮಾಡಿಕೊಂಡೆ. ಎರಡು ಪಕ್ಕದ ಗೋಡೆಗಳು ಮಾತ್ರ ಉಳಿದವು. ಮಸಿಯ ಪೆನ್ನು ಎತ್ತಿಕೊಂಡಾಗ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಗಾಳಿಯಲ್ಲಿ ಕೈಯಾಡಿಸಲಿಲ್ಲ, ಅಳೆಯಲಿಲ್ಲ, ಉಸಿರೂ ಬಿಡಲಿಲ್ಲ. ತಗೊಳ್ಳಿ ನಿಮ್ಮ ಗೋಮುಖ ಎಂದು ಒಂದೇ ಏಟಿಗೆ ಎಳೆದೆ. ಆ ಕಡೆಯದನ್ನೂ ಎಳೆದೆ.

ಆಮೇಲೆ ನೋಡಿದೆ. ಎರಡು ಗೆರೆಗಳೂ ಬಿಗಿಯಾಗಿ ಕಟ್ಟಿದ ದಾರದ ಹಾಗೆ ನೆಟ್ಟಗಿದ್ದವು. ಒಂದು ಕಡೆಯೂ ನಡುಗಿರಲಿಲ್ಲ, ಒಂದು ಕಡೆಯೂ ಹೊಟ್ಟೆ ಬಿಟ್ಟಿರಲಿಲ್ಲ. ವರ್ಷವೆಲ್ಲ ಕಾದು ಕೂತಿದ್ದ ಗೆರೆ ಬಂದಿತ್ತು, ಬರಬಾರದ ಜಾಗಕ್ಕೆ. ನನಗೆ ಅಳು ಬಂತು. ಅಪ್ಪಾಜಿ ಹಾಳೆ ಎತ್ತಿಕೊಂಡು, "ಇದನ್ನ ಮೊದ್ಲೇ ಬರಿಯಾಕ ಏನಾಗಿತ್ತು?" ಎನ್ನುತ್ತ ಹೋದರು.

ಗೃಹಪ್ರವೇಶದ ದಿನ ಬಂದವರೆಲ್ಲ ಪತ್ರಿಕೆ ಕೈಯಲ್ಲಿ ಹಿಡಿದು, ಗೇಟಿನ ಹತ್ತಿರ ನಿಂತು, ಮನೆ ನೋಡಿ, ಚಿತ್ರ ನೋಡಿ, "ಥೇಟ್ ಹಂಗೇ ಐತೆ!" ಎಂದರು. ಒಬ್ಬರಲ್ಲ ಇಬ್ಬರಲ್ಲ, ಎಲ್ಲರೂ. ಮೇಷ್ಟ್ರೂ ಬಂದಿದ್ದರು. ಅವರ ಕಣ್ಣಿಗೆ ಬೀಳಬಾರದೆಂದು ನಾನು ಅಡುಗೆಯವರ ಹಿಂದೆ ಅಡಗಿಕೊಂಡಿದ್ದೆ. ಅಪ್ಪಾಜಿಯೇ ನನ್ನನ್ನು ಕರೆಸಿ, ಎಲ್ಲರೆದುರು, "ಹೆಂಗೈತ್ರಿ ಮೇಷ್ಟ್ರೇ ನಿಮ್ಮ ಶಿಷ್ಯೆ ಚಿತ್ರ?" ಎಂದು ಕೇಳಿದರು. ಮೇಷ್ಟ್ರು ಕನ್ನಡಕ ಹಣೆಗೇರಿಸಿದರು. ಬಹಳ ಹೊತ್ತು ನೋಡಿದರು. ನನ್ನ ಮುಖವನ್ನೂ ನೋಡಿದರು. "ಈ ಗೀಟು ಸ್ಕೇಲ್ ಇಟ್ಟು ಎಳೆದಿದ್ದಲ್ರಿ ಸಾವ್ಕಾರ್ರೆ, ಬರಿಗೈಯಾಗೆ ಎಳೆದಿದ್ದು. ಬಿಲ್ಕುಲ್ ಸೀದಾ," ಎಂದು ಹೇಳಿ ಊಟಕ್ಕೆ ಹೋದರು. ಗೋಡೆಯ ಬಗ್ಗೆ ಒಂದು ಮಾತೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಪ್ಪಾಜಿ ಮಾತು ತಪ್ಪಲಿಲ್ಲ. ಕಾಲೇಜಿನ ಸಂದರ್ಶನಕ್ಕೆ ತಾವೇ ಜೊತೆಗೆ ಬಂದರು. ಬೇಡ ಎಂದರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಒಳಗೆ ಇಬ್ಬರು ಕೂತಿದ್ದರು. ನಾನು ನನ್ನ ಹಾಳೆಗಳನ್ನು ಬಿಚ್ಚುವ ಮೊದಲೇ ಅಪ್ಪಾಜಿ ಜೇಬಿನಿಂದ ಪತ್ರಿಕೆ ತೆಗೆದು ಮೇಜಿನ ಮೇಲಿಟ್ಟರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು.

"ನಮ್ಮ ಮಗಳು ಬರ್ದಿದ್ದು ಸರ್," ಎಂದರು ಅಪ್ಪಾಜಿ. "ಈ ಗೀಟು ನೋಡ್ರಿ. ಸ್ಕೇಲ್ ಇಟ್ಟಿಲ್ಲ. ಬರಿಗೈ."

ನಾನು ತಲೆ ಎತ್ತಿ ಅವರನ್ನು ನೋಡಿದೆ. ಕಿಟಕಿ ಎಣಿಸುವ ಮನುಷ್ಯ, ಕೊಳಗದ ಬಾಯಿ ನೆಗ್ಗಿದೆ ಎಂದ ಮನುಷ್ಯ, ಆ ಎರಡು ಗೆರೆಗಳ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು.

ಮೇಜಿನ ಆಚೆಯವರಲ್ಲಿ ಹಿರಿಯರು ಪತ್ರಿಕೆಯನ್ನು ಆಚೆ ಈಚೆ ತಿರುಗಿಸಿ, "ಹಿಂದಿನ ಗೋಡೆ ಯಾಕಮ್ಮ ಇಷ್ಟು ಅಗಲ?" ಎಂದು ನನ್ನನ್ನು ಕೇಳಿದರು. ಉತ್ತರ ಕೊಟ್ಟಿದ್ದು ಅಪ್ಪಾಜಿ. ಗೋಮುಖ, ಹುಲಿಮುಖ, ಅಕ್ಕ, ವಿಭೂತಿ, ಟೇಪು, ಎಲ್ಲವನ್ನೂ ಕೈಕಟ್ಟಿ ನಿಂತು ವಿವರಿಸಿದರು. ಪಕ್ಕದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ವರ್ಷವೆಲ್ಲ ಅಪ್ಪಾಜಿಯ ಮೇಲೆ ಕುದ್ದವಳು ನಾನು. ಆ ನಗು ಕಂಡದ್ದೇ ಮೈಯೆಲ್ಲ ಉರಿದುಹೋಯಿತು.

"ನಗಬ್ಯಾಡ್ರಿ ಸರ್," ಎಂದುಬಿಟ್ಟೆ. "ಅವರು ಟೇಪು ಹಿಡಿದು ಅಳೆದಾರೆ. ಮೂವತ್ತಕ್ಕೆ ಮೂವತ್ತೇ ಐತೆ."

ಹಿರಿಯರು ಒಂದು ಹಾಳೆ, ಪೆನ್ಸಿಲ್ಲು ನನ್ನ ಕಡೆ ಸರಿಸಿ, "ಸರಿ, ಅಳೆದದ್ದು ಹಂಗಿರ್ಲಿ. ನಿನಗೆ ಹೆಂಗ್ ಕಾಣ್ತೈತೋ ಹಂಗೆ ಬರಿ," ಎಂದರು.

ಅಪ್ಪಾಜಿ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅವರ ಉಸಿರು ಕೇಳಿಸುತ್ತಿತ್ತು. ಒಂದು ಚುಕ್ಕಿ ಹಾಕಿದೆ. ಗೇಟಿನ ಮೂಲೆಯಿಂದ ಆ ಚುಕ್ಕಿಯ ಕಡೆಗೆ, ಚುಕ್ಕಿಯನ್ನೇ ನೋಡುತ್ತ, ಎಳೆದೆ. ಆ ಕಡೆಯದನ್ನೂ ಎಳೆದೆ. ಹಿತ್ತಲ ಗೋಡೆ ಕಿರಿದಾಗಿ ಬಂದು ಕೂತಿತು. ಕೈ ನಡುಗಲಿಲ್ಲ. ಹಿಂದಿನಿಂದ "ಶಿವನೇ" ಎಂದು ಸಣ್ಣಗೆ ಕೇಳಿಸಿತು, ಅಷ್ಟೇ.

ಸೀಟು ಕೊಡುತ್ತೇವೆ ಎಂದರು. ಹೊರಗೆ ಬಂದೆವು. ಅಪ್ಪಾಜಿ ಪತ್ರಿಕೆಯನ್ನು ಒರೆಸಿ ಜೇಬಿಗಿಟ್ಟುಕೊಂಡರು. ಗೇಟಿನ ಹತ್ತಿರ ಬಂದು ನಿಂತರು.

"ಅಷ್ಟು ಮಂದಿ ಮುಂದೆ ಹುಲಿಮುಖನೇ ಬರ್ದ್ಯಲ್ಲ."

"ಹೂಂ."

"ಅವರು ಅದಕ್ಕೇ ಸೀಟು ಕೊಟ್ರಾ?"

"ಹೂಂ ಅಪ್ಪಾಜಿ."

ಆಟೋ ಬಂತು, ಕೈ ಅಡ್ಡ ಹಾಕಿದರು, ಆಮೇಲೆ ಹತ್ತಲಿಲ್ಲ. ಆಟೋದವನು ಕಾದು ಬೈದುಕೊಂಡು ಹೋದ. "ಬರಿ," ಎಂದರು ಅಪ್ಪಾಜಿ.

"ಊರ ಮಂದಿ ಮನೆ ಎಷ್ಟು ಬೇಕಾದ್ರೂ ಹಂಗೇ ಬರಿ, ನಾನು ಬ್ಯಾಡ ಅನ್ನಲ್ಲ. ನಮ್ಮ ಮನೆ ಒಂದು ಬರೀಬ್ಯಾಡ ಕಣವ್ವ. ಅದರಾಗೆ ನೀವೆಲ್ಲ ಇರ್ತೀರಿ."

ಆಯ್ತು ಎಂದೆ. ಹಟ ಹಿಡಿದು ಗೆದ್ದ ದಿನ ಇಷ್ಟು ಸಿಟ್ಟು ಬರಬಾರದಿತ್ತು, ಬಂತು. ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ, ಮನೆಯವರೆಗೂ ಅಪ್ಪಾಜಿಯ ತೋಳು ಹಿಡಿದುಕೊಂಡೇ ನಡೆದೆ.